ಕಾರಂತರನ್ನು ಓದಿಯೂ ಮಠಕ್ಕೆ ಹೋಗುವ ಅಮ್ಮನ ಪತ್ರ

ಉಡುಪಿ

ಪ್ರೀತಿಯ ಮಗಳೇ,

"ಅಮ್ಮಾ, ನೀನು ಕಾರಂತರನ್ನೂ ಓದ್ತೀ, ಕೃಷ್ಣ ಮಠಕ್ಕೂ ಹೋಗ್ತೀ. ಎರಡೂ ಹೇಗೆ?" ಅಂತ ಕೇಳಿದ್ದಿ ಅಲ್ವಾ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸಣ್ಣವಳಿದ್ದಾಗ ಭಕ್ತಿ ನನಗೆ ಕಿವಿಯಿಂದ ಬಂದದ್ದು. ನಿನ್ನ ಅಜ್ಜಿ ಸಂಜೆ ದೀಪ ಹಚ್ಚಿ ದಾಸರ ಪದ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ಪದಗಳು ಚಂದವಿದ್ದವು. ಆದರೆ ದೇವರೆಂದರೆ ನನಗೆ ಜಾಸ್ತಿ ಗೊತ್ತಿದ್ದದ್ದು ಹೆದರಿಕೆ. ಮಡಿ ತಪ್ಪಿದರೆ ಏನಾಗುತ್ತದೋ ಎಂಬ ಹೆದರಿಕೆ.

ಕಾಲೇಜಿನಲ್ಲಿ ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು' ಕೈಗೆ ಸಿಕ್ಕಿತು. 1968ರ ಕಾದಂಬರಿ, ಕಾರಂತರಿಗೆ 1977ರ ಜ್ಞಾನಪೀಠ ಬಂದದ್ದು ಅದಕ್ಕೇ. ನನಗೆ ಪ್ರಶಸ್ತಿ ಮುಖ್ಯ ಆಗಲಿಲ್ಲ. ಕಾರಂತರು ಕೋಟದವರು, ನಮ್ಮ ಕಡೆಯವರು. ಅವರ ಕಾದಂಬರಿಯ ಮೂಕಜ್ಜಿ ನಮ್ಮ ಮನೆಯ ಜಗಲಿಯಲ್ಲೇ ಕೂತವಳ ಹಾಗೆ ಕಂಡಳು. ಬಾಲ್ಯದಲ್ಲೇ ವಿಧವೆಯಾದವಳು. ಹಳೆಯ ಕಾಲದ ಒಂದು ವಸ್ತು ಕೈಗೆ ಕೊಟ್ಟರೆ ಅವಳಿಗೆ ಆ ಕಾಲವೇ ಕಾಣುತ್ತದೆ. ಮನುಷ್ಯರು ದೇವರನ್ನು ಹೇಗೆ ಕಟ್ಟಿಕೊಂಡರು, ಮುಂದೆ ಬಂದವರು ಹೇಗೆ ಬದಲಾಯಿಸಿದರು ಎಂದು ಮೊಮ್ಮಗ ಸುಬ್ಬರಾಯನಿಗೆ ಹೇಳುತ್ತಾ ಹೋಗುತ್ತಾಳೆ. ಓದುವಾಗ ನನಗೆ ನಿಜವಾಗಿ ಭಯವಾಯಿತು. ಇಷ್ಟೆಲ್ಲ ಕೇಳಬಹುದಾ?

ಆದರೂ ಪುಸ್ತಕ ಕೆಳಗಿಡಲಿಲ್ಲ. ಅದಕ್ಕೆ ಕಾರಣ ನಾಗಿ. ಗಂಡನ ಮನೆ ಬಿಟ್ಟು ಹೋದವಳು, ಊರಿನ ಬಾಯಿಗೆ ಬಿದ್ದವಳು. ಅಜ್ಜಿ ಮಾತ್ರ ಅವಳನ್ನು ಮಗಳ ಹಾಗೆ ನೋಡುತ್ತಾಳೆ. ಶಾಸ್ತ್ರ ಹೇಳುವ ಎಷ್ಟೋ ಜನರಲ್ಲಿ ನಾನು ಕಾಣದ ಕರುಣೆ ಅದು. ಅಂಥ ಅಜ್ಜಿಯನ್ನು ದೇವರಿಲ್ಲದವಳು ಎನ್ನಲು ನನಗೆ ಆಗಲಿಲ್ಲ. ನನ್ನ ಹೆದರಿಕೆ ಕರಗಿದ್ದು ಅಲ್ಲಿಂದ.

ಆಮೇಲೆ ಕನಕದಾಸರ 'ರಾಮಧಾನ್ಯ ಚರಿತೆ' ಓದಿದೆ. ಅಕ್ಕಿಗೂ ರಾಗಿಗೂ ಜಗಳ, ಯಾರು ದೊಡ್ಡವರು ಎಂದು. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅಕ್ಕಿ ಸೊರಗುತ್ತದೆ, ರಾಗಿ ಹಾಗೇ ಇರುತ್ತದೆ. ಬಡವರ ಧಾನ್ಯಕ್ಕೆ ರಾಮ ತನ್ನ ಹೆಸರನ್ನೇ ಕೊಡುತ್ತಾನೆ. ಕುಚಲಕ್ಕಿ ಉಣ್ಣುವ ನಮ್ಮೂರಲ್ಲಿ ಈ ಕಥೆಯನ್ನು ಎಲ್ಲರೂ ಓದಬೇಕು ಎಂದು ನನ್ನ ಆಸೆ. ಮಠದ ಕನಕನ ಕಿಂಡಿಯ ಮುಂದೆ ನಿಂತಾಗ, ಕನಕದಾಸರಿಗೆ ದರ್ಶನ ಕೊಡಲು ಗೋಡೆ ಬಿರುಕು ಬಿಟ್ಟ ಕಥೆ ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ರಾಗಿಯ ಪರ ನಿಂತ ಆ ಕವಿಯೇ ನೆನಪಾಗುತ್ತಾರೆ.

ಮಂಜೇಶ್ವರದ ಗೋವಿಂದ ಪೈಗಳ 'ಗೊಲ್ಗೊಥಾ' ಕಾವ್ಯವನ್ನು ತಡವಾಗಿ ಓದಿದೆ. ಭಾಷೆ ಕಷ್ಟ, ನಿಘಂಟು ಪಕ್ಕದಲ್ಲಿ ಬೇಕು. ಮನೆಮಾತು ಕೊಂಕಣಿಯಾದ ಒಬ್ಬ ಹಿಂದೂ ಕವಿ ಯೇಸುವಿನ ಕೊನೆಯ ದಿನವನ್ನು ಕನ್ನಡದಲ್ಲಿ ಅಷ್ಟು ಸಂಕಟಪಟ್ಟು ಬರೆದರು. ಬುದ್ಧನ ಕೊನೆಯ ದಿನದ ಬಗ್ಗೆಯೂ 'ವೈಶಾಖಿ' ಬರೆದರು. ಇದು ನಮ್ಮ ಕರಾವಳಿಯಲ್ಲೇ ಆದದ್ದು ಮಗಾ. ಧರ್ಮದ ಹೆಸರಲ್ಲಿ ಜನರನ್ನು ದೂರ ಮಾಡುವ ಈಗಿನ ಮಾತುಗಳನ್ನು ಕೇಳುವಾಗ ನನಗೆ ಇದನ್ನು ಗಟ್ಟಿಯಾಗಿ ಹೇಳಬೇಕು ಅನ್ನಿಸುತ್ತದೆ.

ಮಠಕ್ಕೆ ಯಾಕೆ ಹೋಗುತ್ತೇನೆ ಅಂದರೆ, ಹೆದರಿಕೆ ಹೋದ ಮೇಲೂ ಹೋಗಬೇಕು ಅನ್ನಿಸಿತು. ಕೃಷ್ಣನ ಮುಖ ನೋಡಿದರೆ ಖುಷಿಯಾಗುತ್ತದೆ. ಬೇಡಿಕೊಳ್ಳಲು ಪಟ್ಟಿ ಇರುವುದಿಲ್ಲ.

ನೀನು ನಂಬಬೇಕು ಎಂದು ನಾನು ಹೇಳುವುದಿಲ್ಲ. ಮೂಕಜ್ಜಿಯನ್ನು ಪಾರ್ಸೆಲ್ ಮಾಡಿದ್ದೇನೆ, ಬದಿಯಲ್ಲಿ ನನ್ನ ಪೆನ್ಸಿಲ್ ಗುರುತುಗಳಿವೆ. ಒಪ್ಪಿಗೆಯಾಗದ ಕಡೆ ನೀನೂ ಬರೆ. ದೀಪಾವಳಿಗೆ ಬರುವಾಗ ತಾ, ಕೂತು ಮಾತಾಡುವ.

ನಿನ್ನ ಅಮ್ಮ