ಯುಗಾದಿಯಿಂದ ನಮ್ಮ ಭೋಜನಾಲಯದಲ್ಲಿ ಆಗಲಿರುವ ಬದಲಾವಣೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕ ಬಂಧುಗಳಿಗೆ,

ಶರಣು ಶರಣಾರ್ಥಿಗಳು.

ಬರುವ ಯುಗಾದಿಯಿಂದ ಕಲಬುರಗಿಯ ನಮ್ಮ ಭೋಜನಾಲಯದಲ್ಲಿ ಮಧ್ಯಾಹ್ನದ ಊಟ ಇರುವುದಿಲ್ಲ. ಸಂಜೆ ಏಳು ಗಂಟೆಯಿಂದ ರಾತ್ರಿ ಹತ್ತೂವರೆಯವರೆಗೆ, ಮುಂಚಿತವಾಗಿ ತಿಳಿಸಿದವರಿಗೆ ಮಾತ್ರ ಬಡಿಸುತ್ತೇವೆ. ಹದಿನೆಂಟು ಮೇಜುಗಳಿದ್ದ ಕಡೆ ಇನ್ನು ಹತ್ತೇ ಮೇಜುಗಳಿರುತ್ತವೆ. ಉದ್ದನೆಯ ಮೆನು ಕಾರ್ಡ್ ಹೋಗಿ, ಆಯಾ ಹಂಗಾಮಿನಲ್ಲಿ ಹೊಲದಿಂದ ಬಂದದ್ದನ್ನು ನೋಡಿಕೊಂಡು ಮಾಡಿದ ಒಂದೇ ಬಗೆಯ ಊಟ ಎಲ್ಲರಿಗೂ ಬರುತ್ತದೆ. ವ್ಯಾಪಾರ ಕುಗ್ಗಿತೇನೋ ಎಂದು ಕೆಲವು ಹಿತೈಷಿಗಳು ಕಾಳಜಿಯಿಂದ ವಿಚಾರಿಸಿದ್ದಾರೆ. ಹಾಗೇನೂ ಇಲ್ಲ. ಈ ಊಟವನ್ನು ಮಾಡುವ ಕೈಗಳು ಎಷ್ಟು ಮಂದಿಗೆ ಚೆನ್ನಾಗಿ ಮಾಡಬಲ್ಲವೋ ಅಷ್ಟು ಮಂದಿಗೆ ಮಾತ್ರ ಬಡಿಸಬೇಕು ಎಂದು ಮನೆಯವರೆಲ್ಲ ಕೂಡಿ ನಿರ್ಧರಿಸಿದ್ದೇವೆ. ಆ ಕೈಗಳು ಯಾರವು ಎಂಬುದನ್ನು ತಿಳಿಸುವುದು ಈ ಪತ್ರದ ಉದ್ದೇಶ.

ನಮ್ಮ ತಂದೆಯವರು ನಡೆಸುತ್ತಿದ್ದುದು ನಾಲ್ಕು ಬೆಂಚುಗಳ ಒಂದು ಖಾನಾವಳಿ. ಅದೇ ಜಾಗದಲ್ಲಿ ನಾವು ಮಕ್ಕಳು ಇಂದಿನ ಫೈನ್ ಡೈನಿಂಗ್ ಹೋಟೆಲ್ ಕಟ್ಟಿದೆವು. ಕುರ್ಚಿ, ದೀಪ, ತಟ್ಟೆ ಎಲ್ಲ ಬದಲಾದರೂ ರೊಟ್ಟಿಯ ಒಲೆ ಬದಲಾಗಲಿಲ್ಲ. ಅದರ ಮುಂದೆ ಕುಳಿತುಕೊಳ್ಳುವವರೂ ಬದಲಾಗಲಿಲ್ಲ. ಖಾನಾವಳಿಯ ದಿನಗಳಿಂದಲೂ ನಮ್ಮೊಂದಿಗಿರುವ ಮೂವರು ಅಕ್ಕಂದಿರು ಈಗಲೂ ನೀವು ಉಣ್ಣುವ ಪ್ರತಿಯೊಂದು ರೊಟ್ಟಿಯನ್ನೂ ಬಡಿಯುತ್ತಾರೆ. ನಮ್ಮನ್ನು ಎತ್ತಿ ಆಡಿಸಿದವರು ಅವರು. ಹಾಲ್‌ನಲ್ಲಿ ನಿಮ್ಮನ್ನು ಬರಮಾಡಿಕೊಳ್ಳುವ ನನ್ನ ಮುಖ ನಿಮಗೆ ಪರಿಚಯ. ಅವರ ಮುಖ ಪರಿಚಯವಿಲ್ಲ ಎಂಬುದು ನನಗೆ ಬಹಳ ದಿನಗಳಿಂದ ಸರಿ ಕಾಣುತ್ತಿರಲಿಲ್ಲ.

ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನಂತೆ ಎಳೆದರೆ ಹಿಗ್ಗುವ ಗುಣವಿಲ್ಲ, ಏಕೆಂದರೆ ಗೋಧಿಯಲ್ಲಿರುವ ಗ್ಲುಟೆನ್ ಅದರಲ್ಲಿಲ್ಲ. ಕುದಿಯುವ ಎಸರು ಬಿದ್ದಾಗ ಹಿಟ್ಟಿನೊಳಗಿನ ಪಿಷ್ಟ ಅರೆಬೆಂದು ಜಿಗಿ ಬರುತ್ತದೆ, ಆ ಜಿಗಿ ಆರಿಹೋಗುವ ಮೊದಲೇ ನಾದಿ ಬಡಿಯಬೇಕು. ಹಿಟ್ಟು ಬೀಸಿ ಬಹಳ ದಿನಗಳಾಗಿದ್ದರೆ ಎಷ್ಟು ನಾದಿದರೂ ಅಂಚು ಹರಿಯುತ್ತದೆ. ಆದ್ದರಿಂದಲೇ ನಾವು ಗಿರಣಿಯಿಂದ ದಿನಬಿಟ್ಟು ದಿನ ಹಿಟ್ಟು ಬೀಸಿಸಿ ತರುತ್ತೇವೆ. ಅಕ್ಕ ಒಂದು ಕೈಯಿಂದ ಬಡಿಯುತ್ತ ಇನ್ನೊಂದು ಕೈಯಿಂದ ರೊಟ್ಟಿಯನ್ನು ತಿರುಗಿಸುತ್ತ ಹೋದಂತೆ ಅದು ನಡುವೆಯೂ ಅಂಚಿಗೂ ಸಮನಾಗಿ ತೆಳುವಾಗುತ್ತದೆ. ಹಂಚಿನ ಮೇಲೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲ್ಭಾಗಕ್ಕೆ ನೀರು ಸವರಿ, ಆ ನೀರು ಆರುವ ಹೊತ್ತಿಗೆ ಸರಿಯಾಗಿ ಮಗುಚಿ, ಕೊನೆಗೆ ಕೆಂಡದ ಬದಿಗೆ ಒರಗಿಸಿದಾಗ ಎರಡು ಪದರು ಬಿಟ್ಟು ಉಬ್ಬುತ್ತದೆ. ನೀರು ಸವರುವುದು ತಡವಾದರೆ ರೊಟ್ಟಿ ಬಿರಿಯುತ್ತದೆ, ಮಗುಚುವುದು ಬೇಗನಾದರೆ ಹಂಚಿಗೆ ಹತ್ತುತ್ತದೆ. ಪ್ರತಿ ರೊಟ್ಟಿಗೂ ಈ ಗಮನ ಬೇಕು. ಮಧ್ಯಾಹ್ನ ಒಂದು ಪಾಳಿ, ರಾತ್ರಿ ಇನ್ನೊಂದು ಪಾಳಿ ಎಂದು ಮಾಡಿದಾಗ ಮಣಿಕಟ್ಟು, ಭುಜ, ಬೆನ್ನು ಮೂರೂ ಸೋಲುತ್ತವೆ. ನಮ್ಮ ಊರಿನ ಬೇಸಿಗೆ ನಿಮಗೆ ಹೇಳಬೇಕಾಗಿಲ್ಲ. ಹೊರಗೆ 42-43 ಡಿಗ್ರಿ ಬಿಸಿಲಿರುವಾಗ ಒಲೆಯ ಮುಂದಿನ ಝಳ ಹೇಗಿರುತ್ತದೆ ಎಂಬುದನ್ನು ಅಲ್ಲಿ ಕುಳಿತವರೇ ಬಲ್ಲರು.

ರೊಟ್ಟಿ ಮಾಡುವ ಯಂತ್ರ ತರಬಹುದಲ್ಲ ಎಂದು ಕೇಳುವವರಿದ್ದಾರೆ. ಅಂಗಡಿಗಳಿಗೆ, ಮದುವೆ ಮನೆಗಳಿಗೆ ಖಡಕ್ ರೊಟ್ಟಿ ಪೂರೈಸುವವರಿಗೆ ಯಂತ್ರ ನಿಜವಾಗಿಯೂ ಆಸರೆ, ಅದರ ಬಗ್ಗೆ ನಮಗೆ ಯಾವ ತಕರಾರೂ ಇಲ್ಲ. ಆದರೆ ಒಲೆಯಿಂದ ನೇರವಾಗಿ ತಟ್ಟೆಗೆ ಬರುವ ಬಿಸಿ ರೊಟ್ಟಿಯ ಮೃದುತ್ವ ನಮಗೆ ಯಂತ್ರದಲ್ಲಿ ಸಿಗಲಿಲ್ಲ. ಅದನ್ನು ಬಿಟ್ಟುಕೊಟ್ಟರೆ ನಿಮ್ಮನ್ನು ಇಷ್ಟು ದೂರ ಕರೆಸಿ ಬೆಲೆ ಕೇಳಲು ನಮಗೆ ಮುಖವಿರುವುದಿಲ್ಲ. ಆದ್ದರಿಂದ ಕೆಲಸದ ಹೊತ್ತನ್ನೇ ಕಡಿಮೆ ಮಾಡಿದ್ದೇವೆ. ಯಾರನ್ನೂ ಕೆಲಸದಿಂದ ತೆಗೆದಿಲ್ಲ, ಯಾರ ಸಂಬಳವೂ ಇಳಿದಿಲ್ಲ, ಸೋಮವಾರ ಎಲ್ಲರಿಗೂ ರಜೆ. ಅಕ್ಕಂದಿರ ಜೊತೆಯಲ್ಲಿ ಕುಳಿತು ಕಲಿಯಲು ಇಬ್ಬರು ಹೊಸ ಹೆಣ್ಣುಮಕ್ಕಳು ಬಂದಿದ್ದಾರೆ.

ಅಡುಗೆಯ ಉಳಿದ ಜವಾಬ್ದಾರಿ ನಮ್ಮ ವೈನಿಯವರದು. ಎಣ್ಣೆಗಾಯಿ ಬದನೆಕಾಯಿಗೆ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿಗಳನ್ನು ಬೇರೆಬೇರೆಯಾಗಿ ಹುರಿಯುವುದನ್ನು ಅವರು ಇನ್ನೊಬ್ಬರಿಗೆ ಬಿಡುವುದಿಲ್ಲ. ತಾಯಿಯವರು ಈಗ ಒಲೆಯ ಹತ್ತಿರ ಬರುವುದಿಲ್ಲವಾದರೂ ಪುಂಡಿಪಲ್ಯದ ಹುಳಿ ಅವರ ನಾಲಿಗೆಗೆ ಒಪ್ಪದೆ ಹೊರಗೆ ಬಂದದ್ದಿಲ್ಲ. ಅಣ್ಣ ಅಫಜಲಪುರ ತಾಲ್ಲೂಕಿನ ನಮ್ಮ ಹೊಲ ನೋಡಿಕೊಳ್ಳುತ್ತಾರೆ. ಹಿಂಗಾರಿಯಲ್ಲಿ ಕಪ್ಪು ಮಣ್ಣಿನ ತೇವದ ಮೇಲೆಯೇ ಬೆಳೆಯುವ ಮಾಲದಂಡಿ ಜೋಳ ಅಲ್ಲಿಂದ ಬರುತ್ತದೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತಿದ್ದು ಫೆಬ್ರುವರಿ-ಮಾರ್ಚಿನಲ್ಲಿ ಕೈಗೆ ಬರುವುದರಿಂದ ಯುಗಾದಿಯ ಹೊತ್ತಿಗೆ ಹೊಸ ಜೋಳ ಮನೆಯಲ್ಲಿರುತ್ತದೆ. ಹೊಸ ಪದ್ಧತಿಗೆ ಆ ದಿನವನ್ನೇ ಆರಿಸಿಕೊಂಡದ್ದು ಇದಕ್ಕಾಗಿ. 2019ರಲ್ಲಿ ಭೌಗೋಳಿಕ ಸೂಚ್ಯಂಕ (ಈ ನೆಲದ ವಿಶಿಷ್ಟ ಬೆಳೆ ಎಂಬ ಜಿಐ ಮಾನ್ಯತೆ) ಪಡೆದ ನಮ್ಮ ಕಲಬುರಗಿ ತೊಗರಿ ಬೇಳೆಯನ್ನು ಊರಿನ ಬೇಳೆ ಮಿಲ್ಲಿನಿಂದಲೇ ಕೊಳ್ಳುತ್ತೇವೆ.

ಒಂದೇ ಊಟವೆಂದರೆ ವರ್ಷವಿಡೀ ಒಂದೇ ರುಚಿ ಎಂದಲ್ಲ. ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ ಹಸಿ ತೊಗರಿಕಾಳು, ಕಡಲೆಸೊಪ್ಪು, ಅವರೆ ಹಾಕಿದ ಭಜ್ಜಿಪಲ್ಯದ ಜೊತೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇರುತ್ತದೆ. ಜೋಳ ಹಾಲುಗಾಳಾದಾಗ ಸೀತನಿ (ಕೆಂಡದಲ್ಲಿ ಸುಟ್ಟ ಎಳೆ ಜೋಳದ ಕಾಳು), ಮಾವು ಬಂದಾಗ ಹೋಳಿಗೆಗೆ ಶೀಕರಣೆ. ಮಾಲ್ದಿ ಮತ್ತು ಶೇಂಗಾ ಹಿಂಡಿ ಎಲ್ಲ ಕಾಲಕ್ಕೂ ಇರುತ್ತವೆ.

ಒಬ್ಬರ ಊಟದ ದರ ರೂ. 650, ಇದರ ಮೇಲೆ ಶೇ 5ರಷ್ಟು ಜಿಎಸ್‌ಟಿ. ಇದು ಹಿಂದಿಗಿಂತ ಹೆಚ್ಚು. ಜನರ ದುಡಿಮೆ ಉಳಿಸಿಕೊಂಡು ಮೇಜು ಕಡಿಮೆ ಮಾಡಿದಾಗ ದರ ಏರಲೇಬೇಕಾಯಿತು. ಆ ಹೊರೆಯ ಒಂದು ಭಾಗವನ್ನು ನೀವು ಹೊರಬೇಕೆಂದು ನಾವು ಮುಕ್ತವಾಗಿಯೇ ಕೇಳಿಕೊಳ್ಳುತ್ತಿದ್ದೇವೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ ದರ. ಸೇವಾ ಶುಲ್ಕ ಎಂಬುದು ನಮ್ಮ ಬಿಲ್ಲಿನಲ್ಲಿ ಇರುವುದಿಲ್ಲ.

ಊಟಕ್ಕೆ ಬರುವವರು ಹಿಂದಿನ ದಿನ ಸಂಜೆಯೊಳಗೆ ದೂರವಾಣಿಯಲ್ಲಿ ಅಥವಾ ಕೌಂಟರಿನಲ್ಲಿ ತಿಳಿಸಬೇಕು. ಬೆಳ್ಳುಳ್ಳಿ-ಉಳ್ಳಾಗಡ್ಡಿ ಬಿಟ್ಟ ಊಟ ಬೇಕಾದವರು ಅದನ್ನೂ ಆಗಲೇ ಹೇಳಬೇಕಾಗಿ ವಿನಂತಿ. ಮಧ್ಯಾಹ್ನದ ನಿಶ್ಚಿತಾರ್ಥ, ಸೀಮಂತಗಳಿಗಾಗಿ ಈಗಾಗಲೇ ಮುಂಗಡ ಕೊಟ್ಟವರ ಕಾರ್ಯಕ್ರಮಗಳು ಗೊತ್ತಾದ ದಿನವೇ, ಹಳೆಯ ದರದಲ್ಲಿಯೇ ನಡೆಯುತ್ತವೆ. ಬಿಸಿ ರೊಟ್ಟಿಯನ್ನು ಮನೆಗೆ ಕಳುಹಿಸುವುದನ್ನು ನಿಲ್ಲಿಸಿದ್ದೇವೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮತ್ತು ಅಗಸಿ ಹಿಂಡಿಯ ಪಾರ್ಸೆಲ್ ಸಂಜೆ ಐದರ ನಂತರ ಕೌಂಟರಿನಲ್ಲಿ ಸಿಗುತ್ತದೆ. ಊಟವಾದ ಮೇಲೆ ಅಡುಗೆಮನೆಗೆ ಬಂದು ಅಕ್ಕಂದಿರನ್ನು ಮಾತನಾಡಿಸಬೇಕೆನ್ನುವವರಿಗೆ ಬಾಗಿಲು ತೆರೆದಿರುತ್ತದೆ.

ಇಂತು ನಿಮ್ಮ ವಿಶ್ವಾಸಿ,
ಕುಟುಂಬದ ಎಲ್ಲರ ಪರವಾಗಿ,
ವ್ಯವಸ್ಥಾಪಕರು, ಕಲಬುರಗಿ