ರಾಡಿ ಕಂಡಲ್ಲಿ ನಿಲ್ಲಬೇಡ, ಮೇಲಕ್ಕೆ ಹತ್ತು

ನವನಗರ, ಬಾಗಲಕೋಟೆ

ಚಿ. ಸವಿತಾಗೆ ನಿನ್ನ ಮಾಮ ಮಾಡುವ ಆಶೀರ್ವಾದ. ಇಲ್ಲಿ ಎಲ್ಲರೂ ಆರಾಮ.

ಉತ್ತರಿ ಮಳೆ ಲೋಕಾಪುರದ ಕಡೆ ಜೋರಾಗಿ ಹೊಡೆಯಿತಂತೆ. ಮರುದಿನ ನಿಮ್ಮ ಸುಣ್ಣದ ಕಲ್ಲಿನ ಗಣಿಯಲ್ಲಿ ರಾಡಿ ನೀರು ನಿಂತು ತಿಳಿಯಾಗುವ ಸೆಟ್ಲಿಂಗ್ ಪಾಂಡ್, ಸುತ್ತ ತೋಡಿದ ಗಾರ್ಲೆಂಡ್ ಡ್ರೇನ್, ಬೇಡದ ಮಣ್ಣು-ಕಲ್ಲು ಸುರಿದ ಡಂಪಿನ ಗೋಡೆ ಎಲ್ಲ ನೋಡಿ 'ಸರಿ ಇದೆ' ಅಂತ ಬರೆದೆ, ಆದರೂ ಕೆಳಗಿನ ಹೊಲದವರು ರಾಡಿ ಬಂತು ಅಂತ ಗೇಟಿಗೆ ಬಂದರು ಎಂದೆಯಲ್ಲ. ಫೋನಿನಲ್ಲಿ ಪೂರ್ತಿ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಟ್ಟಿದ್ದೆಲ್ಲ ನಿಂತಿದೆಯಾ ಅಂತ ನೀನು ನೋಡಿದೆ. ನೀರು ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತು ಅಂತ ನೋಡಲಿಲ್ಲ. ಗೋಡೆ ನೆಟ್ಟಗೆ ನಿಂತಿರುತ್ತದೆ, ನೀರು ಅದರ ಪಕ್ಕದಿಂದ ಹಾದುಹೋಗಿರುತ್ತದೆ. ರಾಡಿ ಕಂಡಲ್ಲೇ ತಪ್ಪು ಇರುವುದು ಕಡಿಮೆ, ಮೇಲೆಲ್ಲೋ ಇರುತ್ತದೆ. ಆ ಹೊಲದಿಂದಲೇ ಶುರು ಮಾಡಿ, ಹರಿದ ಗುರುತು ಹಿಡಿದು ಮೇಲಕ್ಕೆ ನಡಿ. ಜೆಸಿಬಿ ಬಂದು ಕೊರಕಲು ಮುಚ್ಚುವ ಮೊದಲೇ ನಡಿ, ಫೋಟೊ ತೆಗೆದುಕೋ. ಜಾಲಿ ಗಿಡಕ್ಕೆ ಸಿಕ್ಕ ಕಸ ನೋಡಿದರೆ ನೀರು ಎಷ್ಟು ಎತ್ತರ ಬಂದಿತ್ತು ಅಂತ ತಿಳಿಯುತ್ತದೆ. ಡ್ರೇನಿನ ಅಂಚಿನ ಹುಲ್ಲು ಹೊರಗಡೆಗೆ ಮಲಗಿದ್ದರೆ ಅಲ್ಲಿ ನೀರು ದಾಟಿದೆ ಅಂತಲೇ ಲೆಕ್ಕ, ಈಗ ಡ್ರೇನು ಎಷ್ಟೇ ಚಂದ ಕಂಡರೂ.

ನನಗೆ ಅನುಮಾನ ಇರುವುದು ಕಲ್ಲು ಸಾಗಿಸುವ ಗಣಿಯ ರಸ್ತೆ, ಅಂದರೆ ಹಾಲ್ ರೋಡಿನ ಮೇಲೆ. ಡಂಪನ್ನು ಎಲ್ಲರೂ ನೋಡುತ್ತಾರೆ, ರಸ್ತೆಯನ್ನು ಯಾರೂ ನೋಡುವುದಿಲ್ಲ. ದಿನವಿಡೀ ಟಿಪ್ಪರ್ ತುಳಿದು ಸುಣ್ಣದ ಕಲ್ಲು ಅಲ್ಲಿ ಹಿಟ್ಟಾಗಿರುತ್ತದೆ. ರಸ್ತೆ ಸಮ ಮಾಡಲು ಗ್ರೇಡರ್ ಓಡಿಸಿದಾಗ ಅಂಚಿನಲ್ಲಿ ಮಣ್ಣಿನ ಸಾಲೊಂದು ಉಳಿಯುತ್ತದೆ. ಅದು ನೀರನ್ನು ಡ್ರೇನಿಗೆ ಇಳಿಯಗೊಡುವುದಿಲ್ಲ. ನೀರು ರಸ್ತೆಯುದ್ದಕ್ಕೂ ಓಡಿ, ರಸ್ತೆಯಂಚಿನ ಒಡ್ಡು (ಬರ್ಮ್) ಎಲ್ಲಿ ತಗ್ಗಾಗಿದೆಯೋ ಅಲ್ಲಿ ಒಡೆದು ಹೊರಬೀಳುತ್ತದೆ. ನಿನ್ನ ಪಾಂಡಿಗೆ ಅದು ಬಂದೇ ಇರುವುದಿಲ್ಲ. ಪಾಂಡ್ ಸರಿ ಇತ್ತು ಅಂದೆಯಲ್ಲ, ಯಾಕೆ ಇರಬಾರದು?

ಡಂಪಿನ ಮೈಮೇಲೆ ಕೊರಕಲು ಬಿದ್ದಿದ್ದರೂ ಇದೇ ಮಾತು. ಬುಡದಲ್ಲಿ ಗರಸು ಸುರಿದು ಬಂದರೆ ಸುಮ್ನೆ ಡೀಸೆಲ್ ಖರ್ಚು. ಡಂಪಿನ ತಲೆ ಒಳಗಡೆಗೆ ಇಳಿಜಾರಾಗಿದೆಯಾ, ಅಂಚಿನ ಒಡ್ಡು ಎಲ್ಲಿ ಒಡೆದಿದೆ, ಅದನ್ನು ನೋಡು. ಆದರೆ ಒಬ್ಬಳೇ ಹತ್ತಬೇಡ. ಫೋರ್ಮನ್‌ನನ್ನು ಕರೆದುಕೊಂಡು ಹೋಗು. ಅಂಚಿಗೆ ಉದ್ದಕ್ಕೂ ಬಿರುಕು ಕಂಡರೆ ಹಿಂದೆ ಸರಿ, ಮ್ಯಾನೇಜರಿಗೆ ಹೇಳಿ ಮೇಲೂ ಕೆಳಗೂ ಗಾಡಿ, ಜನ ನಿಲ್ಲಿಸು. ಇದರಲ್ಲಿ ಯಾರ ಮುಲಾಜೂ ಬೇಡ.

ಇನ್ನು ಪಾಂಡಿನ ವಿಷಯ. ನಿಂತ ನೀರಿನಲ್ಲಿ 0.1 ಮಿಲಿಮೀಟರಿನ ಮರಳು ಕಣ 1 ಮೀಟರ್ ಇಳಿಯಲು ಎರಡು ನಿಮಿಷ ಸಾಕು. 0.01 ಮಿಲಿಮೀಟರಿನದಕ್ಕೆ ಸುಮಾರು 3 ಗಂಟೆ. 0.001 ಮಿಲಿಮೀಟರಿನ ಜೇಡಿ ಕಣಕ್ಕೆ ಹತ್ತಿರ ಹತ್ತಿರ 13 ದಿನ ಬೇಕು. ನಮ್ಮ ಎರಿ ಮಣ್ಣಿನಲ್ಲಿ ಇಂಥ ಸಣ್ಣ ಕಣವೇ ಜಾಸ್ತಿ. ಅಂದರೆ ಎರಿ ಮಣ್ಣು ಒಮ್ಮೆ ನೀರಿಗೆ ಬಿದ್ದರೆ ಪಾಂಡ್ ಅದನ್ನು ಪೂರ್ತಿ ಹಿಡಿಯಲಾರದು. ಅದು ಕೊಚ್ಚಿ ಬರದಂತೆ ಮೇಲೆಯೇ ತಡೆಯಬೇಕು. ತೆಗೆದಿಟ್ಟ ಮೇಲ್ಮಣ್ಣಿನ ಗುಡ್ಡೆಗೆ ಹುಲ್ಲು ಬಿತ್ತಿಸು ಅಂತ ಹೋದ ಸಲವೇ ಹೇಳಿದ್ದೆ.

ಪಾಂಡಿಗೆ ನೀರು ಬರುವ ಕಡೆ ಒಂದು ಹಿಡಿ ಒಣ ಹುಲ್ಲು ಎಸೆದು ನೋಡು. ನೇರ ಹೊರಬಾಯಿಗೆ ಓಡಿದರೆ ಉಳಿದ ಪಾಂಡ್ ಇದ್ದೂ ಇಲ್ಲದ ಹಾಗೆ. ನಡುವೆ ಕಲ್ಲಿನ ತಡೆ ಹಾಕಿಸಿ ನೀರನ್ನು ಸುತ್ತಿಸಬೇಕು. ಅರ್ಧ ತುಂಬುವ ಮೊದಲೇ ಹೂಳು ತೆಗೆಸು, ತೆಗೆದದ್ದನ್ನು ದಂಡೆ ಮೇಲೆ ಬಿಡಬೇಡ, ಮುಂದಿನ ಮಳೆಗೆ ಮತ್ತೆ ಒಳಗೇ ಬೀಳುತ್ತದೆ. ಮೇಲೆ ಒಣಗಿದಂತೆ ಕಾಣುವ ಹೂಳಿನ ಮೇಲೆ ಕಾಲಿಡಬೇಡ, ಸೊಂಟದವರೆಗೂ ಹೂತುಹೋಗಬಹುದು.

ಪಾಂಡಿನ ಒಡ್ಡಿನ ಹೊರಮೈಯನ್ನೂ ನೋಡು. ಎರಿ ಮಣ್ಣಿನ ಒಡ್ಡು ಬೇಸಿಗೆಯಲ್ಲಿ ಬಿರಿದಿರುತ್ತದೆ, ಇಲಿ ಬಿಲವೂ ಇರುತ್ತವೆ. ಬುಡದಲ್ಲಿ ಜಿನುಗುವ ನೀರನ್ನು ಬಿಳಿ ಲೋಟದಲ್ಲಿ ಹಿಡಿ. ತಿಳಿ ಇದ್ದರೆ ಒಂದು ಗೂಟ ನೆಟ್ಟು ದಿನಾ ನೋಡುತ್ತಾ ಇರು. ಕದಡಿದ್ದರೆ ಒಡ್ಡಿನ ಹೊಟ್ಟೆಯೊಳಗಿನ ಮಣ್ಣೇ ಬರುತ್ತಿದೆ ಅಂತ ಅರ್ಥ. ಕೆಳಗಿನ ಜನರನ್ನು ಸರಿಸಿ ಕೂಡಲೇ ಪಾಂಡಿನ ನೀರು ಇಳಿಸಬೇಕು, ಸಂಜೆವರೆಗೂ ಕಾಯುವಂತಿಲ್ಲ.

ಬಾಟಲಿಯಲ್ಲಿ ನೀರು ಹಿಡಿಯುವಾಗ ಹೊರಬಾಯಿಯದು ಒಂದೇ ಸಾಲದು. ಹಳ್ಳದಲ್ಲಿ ಗಣಿಗಿಂತ ಮೇಲಿನದು ಒಂದು, ಕೆಳಗಿನದು ಒಂದು ಹಿಡಿ. ಹಳ್ಳಕ್ಕೆ ಬೇರೆ ಹೊಲಗಳ ಮಣ್ಣೂ ಬರುತ್ತದೆ, ಅಲ್ವಾ? ಮೇಲಿನ ಬಾಟಲಿ ಇಲ್ಲದಿದ್ದರೆ ನಮ್ಮದೆಷ್ಟು, ಅವರದೆಷ್ಟು ಅಂತ ಹೇಳಲು ಬರುವುದಿಲ್ಲ. ಹೊರಬಿಡುವ ನೀರಿನಲ್ಲಿ ತೇಲುವ ಕಣ ಲೀಟರಿಗೆ 100 ಮಿಲಿಗ್ರಾಂ ಮೀರಬಾರದು ಅಂತ ಸರ್ಕಾರದ ಸಾಮಾನ್ಯ ಮಿತಿ ಇದೆ. ಲ್ಯಾಬಿಗೆ ಕಳಿಸುವಾಗ ಬಾಟಲಿ ಮೇಲೆ ಜಾಗ, ಹೊತ್ತು ಎರಡನ್ನೂ ಬರೆ.

ಗೇಟಿಗೆ ಬಂದವರನ್ನು ನಾಳೆ ಬಾ ಅನ್ನಬೇಡ. ಹಿಂಗಾರಿ ಜೋಳ ಬಿತ್ತುವ ಕಾಲ ಇದು. ಬಿತ್ತಿದ ಸಾಲಿನ ಮೇಲೆ ಈ ಹೂಳು ಕೂತು ಬಿಸಿಲಿಗೆ ಹೆಪ್ಪುಗಟ್ಟಿದರೆ ಮೊಳಕೆ ಮೇಲೇಳುವುದಿಲ್ಲ. ಮತ್ತೆ ಬಿತ್ತಲು ಹದ ಹೆಚ್ಚು ದಿನ ಇರುವುದಿಲ್ಲ. ಅವರ ಜೊತೆಗೇ ಹೊಲದಲ್ಲಿ ನಡಿ, ನೀರು ಯಾವ ಬದು ಒಡೆದು ಬಂತು ಅಂತ ಅವರಿಗೆ ನಿನಗಿಂತ ಚೆನ್ನಾಗಿ ಗೊತ್ತು. ಅವರು ಹೇಳಿದ್ದನ್ನು ನಿನ್ನ ವರದಿಯಲ್ಲಿ ಹಾಗೇ ಬರೆ. ಮೇಲಿನವರು ಅದನ್ನು ತೆಗೆ ಅಂದರೆ ನನಗೆ ಫೋನ್ ಮಾಡು.

ಹಾಲ್ ರೋಡಿನ ಫೋಟೊ ಇವತ್ತೇ ಕಳಿಸು. ಅಕ್ಕ, ಭಾವನವರಿಗೆ ಕೇಳಿದೆನೆಂದು ಹೇಳು.

ನಿನ್ನ ಮಾಮ