ಮೂಗಿನ ಡ್ರಾಪ್ಸ್: ಎಷ್ಟು ದಿನ ಅಂತ ಯಾರು ಹೇಳಬೇಕು?

ಮಾನ್ಯರೇ,

ಮೂಗು ಕಟ್ಟಿದರೆ ನಾವು ಮೊದಲು ಓಡುವುದು ಮೆಡಿಕಲ್ ಶಾಪಿಗೆ. ಕಳೆದ ಮಳೆಗಾಲದಲ್ಲಿ ನಾನೂ ಹಾಗೆಯೇ ಡ್ರಾಪ್ಸ್ ತಂದೆ. ಎರಡು ಹನಿ ಬಿಟ್ಟರೆ ಐದೇ ನಿಮಿಷಕ್ಕೆ ಉಸಿರಾಟ ಸಲೀಸು! ನೆಗಡಿ ವಾರದಲ್ಲಿ ಹೋಯಿತು. ಬಾಟಲಿ ಮಾತ್ರ ಎರಡು ತಿಂಗಳು ದಿಂಬಿನ ಪಕ್ಕದಲ್ಲೇ ಉಳಿಯಿತು. ಹನಿ ಬಿಡದಿದ್ದರೆ ನಿದ್ದೆಯೇ ಇಲ್ಲ.

ಕಡೆಗೆ ಇಎನ್‌ಟಿ ಡಾಕ್ಟರ ಬಳಿ ಹೋದಾಗ ಗೊತ್ತಾಯಿತು, ಮೂಗು ಕಟ್ಟಿಸುತ್ತಿದ್ದುದು ಆ ಹನಿಯೇ. ಕ್ಸೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಇರುವ ಡ್ರಾಪ್ಸ್ ಮೂಗಿನೊಳಗಿನ ರಕ್ತನಾಳಗಳನ್ನು ಕುಗ್ಗಿಸುತ್ತವೆ. ತುಂಬಾ ದಿನ ಬಳಸಿದರೆ ಔಷಧದ ಬಲ ಇಳಿದ ಕೂಡಲೇ ಒಳಗೆಲ್ಲ ಮೊದಲಿಗಿಂತ ಜಾಸ್ತಿ ಊದಿಕೊಳ್ಳುತ್ತದೆ. ಮತ್ತೆ ಹನಿ, ಮತ್ತೆ ಊತ. ಡ್ರಾಪ್ಸ್ ನಿಲ್ಲಿಸಿ ಸ್ಟಿರಾಯ್ಡ್ ಸ್ಪ್ರೇ ಬರೆದುಕೊಟ್ಟರು. ಮೊದಲ ವಾರ ನರಕ, ಆಮೇಲೆ ಸರಿಹೋಯಿತು.

ಬಾಟಲಿ ಮೇಲಿನ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ ಯಾರ ಕಣ್ಣಿಗೆ ಬೀಳುತ್ತದೆ? ‘5 ದಿನ ದಾಟಿದರೆ ಡಾಕ್ಟರನ್ನು ಕೇಳಿ’ ಎಂದು ಕನ್ನಡದಲ್ಲಿ ಒಂದು ಚೀಟಿ ಅಂಟಿಸಲಿ. ಅದೂ ಆಗದಿದ್ದರೆ ಅಂಗಡಿಯವರು ಕೊಡುವಾಗ ಬಾಯಲ್ಲಾದರೂ ಹೇಳಬಹುದು, ಅಲ್ವಾ? ಪುಟ್ಟ ಮಕ್ಕಳಿಗೆ ಈ ದೊಡ್ಡವರ ಡ್ರಾಪ್ಸ್ ಬಿಡಲೇಬಾರದು. ಅವರಿಗೆ ಬೇರೆ ಸಲೈನ್ ಡ್ರಾಪ್ಸ್ ಸಿಗುತ್ತವೆ, ಬರೀ ಉಪ್ಪುನೀರು.

– ಒಬ್ಬ ಓದುಗ, ತೀರ್ಥಹಳ್ಳಿ